ಜಾತಿ ಗೊತ್ತಿಲ್ಲದ ಕೋಳಿ ಮನಿಗೆ ಬಂದಾಗ

ಇವತ್ತಿನ ವಿಷಯ ಕೋಳಿ. ಸಾರಿನ ಕೋಳಿ ಅಲ್ಲ, ಹಿತ್ತಲದಾಗ ಸಾಕೋ ಕೋಳಿ.

ನಿಪ್ಪಾಣಿ ಹಾಯ್ದು ಹೋಗೋ ಪುಣೆ-ಬೆಂಗಳೂರು ಹೈವೇದಾಗ ಕೋಳಿ ಗಾಡಿ ನೀವೂ ನೋಡಿರ್ತೀರಿ. ಗಾಡಿಯಿಂದ ಬಿದ್ದ ಒಂದು ಕೋಳಿ ರಸ್ತೆ ಬಾಜೂಕ ಕುಂತಿರ್ತೈತಿ. ಇಲ್ಲಾ ಫಾರ್ಮ್‌ನವರು, "ಇವು ತತ್ತಿ ಇಡೋದು ಕಡಿಮಿ ಮಾಡ್ಯಾವು, ಒಯ್ಯಿರಿ" ಅಂತಾರ. ಪಾಪ ಅಂತ ಮನಿಗೆ ತರ್ತೀವಿ. ಸರಿ, ಮುಂದ?

2020ರ ಮಾರ್ಚ್ ನೆನಪೈತೇನು? ಕೋಳಿ ತಿಂದ್ರ ಕೊರೊನಾ ಬರ್ತೈತಿ ಅಂತ ವಾಟ್ಸಾಪ್ ತುಂಬ ಸುಳ್ಳು ಸುದ್ದಿ. ರೇಟ್ ನೆಲ ಕಚ್ಚಿತು. ನಮ್ಮದೇ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ ಒಬ್ಬ ರೈತರು ಸುಮಾರು 6,000 ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿ ಮುಚ್ಚಿದರು. ಅವರಿಗೆ ಬೈಯೋದು ಸುಲಭ. ನಾನು ಓದಿದ್ದು ಕಾಮರ್ಸ್, ಆ ಲೆಕ್ಕ ಅರ್ಥ ಆಗ್ತೈತಿ: ಮಾರಿದ ರೇಟಿಗಿಂತ ಮೇವಿನ ಖರ್ಚೇ ಹೆಚ್ಚಾದರೆ, ಸಾಕಿದ ಪ್ರತಿ ದಿನವೂ ನಷ್ಟ.

ಹಿತ್ತಲಕ್ಕೂ ಒಂದು ಲೆಕ್ಕ ಐತಿ. ಅಲ್ಲಿರೋ ಹತ್ತು ಜವಾರಿ ಕೋಳಿ ಬಹಳ ಮನಿಯೊಳಗ ಅವ್ವಂದು, ಇಲ್ಲಾ ಆಯಿದು. ತತ್ತಿ ಮಾರಿದ ರೊಕ್ಕ ಅವರ ಕೈಯಾಗಿನ ರೊಕ್ಕ. ನೀವು ತಂದ ಕೋಳಿ ರೋಗ ತಂದ್ರ ಹೋಗೋದು ಅವರ ಗಂಟು, ಓಣಿಯವರ ಗಂಟು. ಹಂಗಾಗಿ ಕರುಣೆಗೂ ಒಂದು ಕ್ರಮ ಬೇಕು.

ಮೊದಲನೇದು, ಬ್ಯಾರೆ ಇಡ್ರಿ. ಒಂದು ತಿಂಗಳು. ಗೂಡು, ನೀರಿನ ಡಬ್ಬಿ, ನಿಮ್ಮ ಚಪ್ಪಲಿ, ಎಲ್ಲಾ ಬ್ಯಾರೆ. ಹಳೇ ಕೋಳಿಗೆ ಮೊದಲು ಕಾಳು ಹಾಕಿ, ಹೊಸದಕ್ಕ ಆಮೇಲೆ. ಹಸಿರು ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚೋದು ಕಂಡ್ರ ರಾಣಿಖೇತ್ ಇರಬಹುದು. ನಮ್ಮಲ್ಲಿ ಕೊಕ್ಕರೆ ರೋಗ ಅಂತಾರ. ಅದಕ್ಕ ಔಷಧ ಇಲ್ಲ, ಲಸಿಕೆ ಮಾತ್ರ ಐತಿ. ಲಸಿಕೆ ಬಾಟಲಿಯಲ್ಲಿ ನೂರಾರು ಡೋಸ್ ಇರ್ತಾವು, ಒಡೆದ ಮೇಲೆ ಇಡೋಕೆ ಬರಂಗಿಲ್ಲ. ಅದಕ್ಕ ಓಣಿಯವರೆಲ್ಲ ಸೇರಿ ಒಂದೇ ದಿನ ಹಾಕಿಸ್ರಿ. ಕೋಳಿ ಒಮ್ಮೆಲೇ ಸಾಯಾಕ ಹತ್ತಿದ್ರ ಹಳ್ಳಕ್ಕ ಒಗೀಬ್ಯಾಡ್ರಿ, 1962ಕ್ಕೆ ಫೋನ್ ಹಚ್ಚಿ ಪಶು ವೈದ್ಯರಿಗೆ ಹೇಳ್ರಿ.

ಎರಡನೇದು, ಜಾತಿ. ಸಣ್ಣ ಮೈ, ಬಿಳಿ ಗರಿ, ಬಾಜೂಕ ಬಾಗಿದ ಕೆಂಪು ಜುಟ್ಟು ಇದ್ರ ಹೆಚ್ಚಾಗಿ ಅದು ತತ್ತಿ ಕೋಳಿ, ಲೆಗಾರ್ನ್ ವಂಶ. ವರ್ಷಕ್ಕೆ 300ರ ಸುತ್ತ ತತ್ತಿ ಇಟ್ಟು ಮೈಯ ಸುಣ್ಣ ಸವೆದಿರ್ತೈತಿ. ಒಣಗಿಸಿ ಪುಡಿ ಮಾಡಿದ ತತ್ತಿ ಸಿಪ್ಪೆ ಕೊಡ್ರಿ. ಕೊಕ್ಕಿನ ತುದಿ ಕತ್ತರಿಸಿದ್ರ ತಟ್ಟೆಯೊಳಗ ಆಳವಾಗಿ ಕಾಳು ಹಾಕ್ರಿ, ನೆಲದ ಮೇಲಿಂದು ಆರಿಸಾಕ ಅದಕ್ಕ ಬರಂಗಿಲ್ಲ. ದಪ್ಪ ಎದೆ, ದಪ್ಪ ಕಾಲು ಇದ್ರ ಬ್ರಾಯ್ಲರ್. ಅದರ ಮೈ ಬೆಳೆದಷ್ಟು ಕಾಲು, ಹೃದಯ ಬೆಳೆದಿರೋದಿಲ್ಲ. ಹೊಟ್ಟೆ ತುಂಬ ಹಾಕೋದೇ ಅದಕ್ಕ ಅಪಾಯ. ಅಳತಿ ಕಾಳು, ನೆರಳು, ತಣ್ಣೀರು ಸಾಕು. ಅಥಣಿ ಬಿಸಿಲು ಗೊತ್ತಲ್ಲ!

ಹೇನಿಗೆ ನಿಪ್ಪಾಣಿ ಕಡೆ ತಂಬಾಕು ಪುಡಿ ನೆನಪಾಗ್ತೈತಿ. ಬ್ಯಾಡ್ರಿ, ನಿಕೋಟಿನ್ ಕೋಳಿಗೂ ವಿಷ. ಒಣ ಮಣ್ಣಿಗೆ ಒಲೆ ಬೂದಿ ಬೆರೆಸಿ ಹೊರಳಾಡಾಕ ಬಿಡ್ರಿ.

ಮೂರನೇದು, ಬೆರೆಸೋದು. ತಿಂಗಳಾದ ಮೇಲೆ ಒಂದು ವಾರ ಜಾಳಿಗೆ ಅಡ್ಡ ಇಟ್ಟು ಮುಖ ನೋಡ್ಕೊಳ್ಳಲಿ. ಕುಕ್ಕಾಟ ನಡೀತೈತಿ, ಅದು ಅವುಗಳ ಪಂಚಾಯ್ತಿ. ರಕ್ತ ಬಂದ್ರ ಮಾತ್ರ ಬಿಡಿಸ್ರಿ, ಯಾಕಂದ್ರ ಕೆಂಪು ಕಂಡ್ರ ಉಳಿದವೂ ಕುಕ್ತಾವು. ಕಾಳಿನ ತಟ್ಟೆ ಎರಡು ಕಡೆ ಇಟ್ರ ಜಗಳ ಅರ್ಧ ಕಡಿಮಿ.

ಬ್ಯಾರೆ ಇಡಾಕ ಜಾಗ ಇಲ್ಲಂದ್ರ? ಹಿತ್ತಲದಾಗ ಕೋಳಿ ಇಲ್ಲದ ಗೆಳೆಯನ ಮನಿ ಹುಡುಕ್ರಿ. ಉಳಿಸೋದು ಅಂದ್ರ ಒಂದನ್ನ ಉಳಿಸಿ ಹತ್ತು ಕಳ್ಕೊಳ್ಳೋದು ಅಲ್ಲ. ಚಿಕ್ಕೋಡಿ, ರಾಯಬಾಗ, ಕಾಗವಾಡದಿಂದ ಕೇಳೋರು, ನಿಮ್ಮ ಓಣಿಯಾಗ ಲಸಿಕೆ ಹಾಕಿಸಿ ಎಷ್ಟು ದಿನ ಆತು? ಇವತ್ತ ಅವ್ವನ್ನ ಕೇಳ್ರಿ. ಮುಂದಿನ ವಾರ ಸಿಗೋಣ್ರಿ.