ಪಟ್ಟಿ ಕಟ್ಟಿದ ತೊಡೆ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ಮಾಂಸಖಂಡಗಳ ವಿಷಯವನ್ನು ಎತ್ತಿಕೊಂಡುದೇಕೆಂದು ತಾವು ನಗಬಹುದು. ಕಳೆದ ವರ್ಷ ನನ್ನ ಎಡ ಮೊಣಕಾಲಿನೊಳಗಿನ ಕಟ್ಟು ಹರಿದು ಶಸ್ತ್ರಚಿಕಿತ್ಸೆಯಾಯಿತು. ಕೆಲವೇ ವಾರಗಳಲ್ಲಿ ತೊಡೆ ಸೊರಗಿತು. ಇನ್ನು ಕುಳಿತೇ ಪಾಠ ಹೇಳಬೇಕಾದೀತೆಂಬ ಭಯ ಹೊಕ್ಕಿತು. ತೊಡೆ ಬಲಿಯಬೇಕಾದರೆ ಭಾರವೆತ್ತಬೇಕು. ಭಾರವೆತ್ತಿದರೆ ಹೊಸದಾಗಿ ಕೂಡಿಸಿದ ಕಟ್ಟು ತಾಳದು. ಆಗ ಫಿಸಿಯೋಥೆರಪಿ ಚಿಕಿತ್ಸಕರು ತೊಡೆಯ ಮೇಲ್ಭಾಗಕ್ಕೆ, ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವಂತಹ ಗಾಳಿಪಟ್ಟಿಯೊಂದನ್ನು ಸುತ್ತಿ, ಹಗುರವಾದ ಭಾರವನ್ನು ಎತ್ತಿಸತೊಡಗಿದರು.

ಈ ಉಪಾಯವು ಜಪಾನಿನದು. 1966ರಲ್ಲಿ ಯೋಶಿಆಕಿ ಸಾತೊ ಎಂಬ ತರುಣನು ಬೌದ್ಧ ಶ್ರಾದ್ಧವೊಂದರಲ್ಲಿ ಮಂಡಿ ಮಡಿಸಿ ಬಹಳ ಹೊತ್ತು ಕುಳಿತು, ಜೋಮು ಹಿಡಿದ ಮೀನಖಂಡವನ್ನು ತಿಕ್ಕಿಕೊಳ್ಳುವಾಗ, ಕಸರತ್ತಿನ ತರುವಾಯದ ಬಿಗಿತವೇ ಅಲ್ಲಿರುವುದನ್ನು ಕಂಡನಂತೆ. ಹರಿಕಥೆಯಲ್ಲಿ ನಮಗೂ ಜೋಮು ಹಿಡಿದುದುಂಟು. ನಾವು ಕಾಲು ಕೊಡವಿ ಮನೆಗೆ ನಡೆದೆವು! 1973ರಲ್ಲಿ ಹಿಮಜಾರಾಟದಲ್ಲಿ ಪೆಟ್ಟಾಗಿ ಕಾಲು ಮುರಿದಾಗ ಆತನು ತನ್ನ ಮೇಲೆಯೇ ಇದನ್ನು ಪ್ರಯೋಗಿಸಿಕೊಂಡನು. ಅದಕ್ಕೆ ಆತನಿಟ್ಟ ಹೆಸರು 'ಕಾತ್ಸು', ಎಂದರೆ ಒತ್ತಡ ಹಾಕುವುದು.

ಪಟ್ಟಿಯು ಕಾಲಿಗೆ ಬರುವ ರಕ್ತವನ್ನು ತಗ್ಗಿಸುವುದು, ನಿಲ್ಲಿಸದು; ಹೃದಯಕ್ಕೆ ಮರಳುವ ರಕ್ತವನ್ನು ಹೆಚ್ಚಾಗಿ ತಡೆಯುವುದು. ಆಮ್ಲಜನಕವು ಸಾಲದೆ ನಿಧಾನಗತಿಯ ಎಳೆಗಳು ಬೇಗನೆ ದಣಿಯುವುವು. ಆಗ ದೊಡ್ಡ ಭಾರಕ್ಕೆಂದೇ ಕಾದಿರುವ ವೇಗದ ಎಳೆಗಳು ಕೆಲಸಕ್ಕೆ ಇಳಿಯಲೇಬೇಕು. ಆದುದರಿಂದ ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದ ನೂರಕ್ಕೆ 20ರಿಂದ 30 ಪಾಲು ಸಾಕಾಗುವುದು. ಮೊದಲು 30 ಸಲ. ಅರ್ಧ ನಿಮಿಷ ಬಿಡುವು. ಆಮೇಲೆ ಹದಿನೈದರಂತೆ ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ತೊಡೆಯು ಕೆಂಡದಂತೆ ಉರಿಯುವುದು, ವ್ಯಾಕರಣವೆಲ್ಲ ಮರೆತುಹೋಗುವುದು. ಸ್ನಾಯುವಿನ ಬಲವೂ ಗಾತ್ರವೂ ಹೀಗೆ ಹೆಚ್ಚುವುದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ. ಜೀವಕೋಶದಲ್ಲಿ ಶಕ್ತಿಯನ್ನು ಹುಟ್ಟಿಸುವ ಮೈಟೊಕಾಂಡ್ರಿಯಗಳೂ ಚುರುಕಾಗುವುವೆಂದು ಕೆಲವು ಪರೀಕ್ಷೆಗಳು ಹೇಳುತ್ತವೆ. ಆದರೆ ಫಲವು ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಆ ಮಾತನ್ನು ನಾನು ಹಿಗ್ಗಿಸಿ ಹೇಳಲಾರೆ.

ನನ್ನ ಕಥೆಯನ್ನು ಕೇಳಿದ ಶಿಷ್ಯನೊಬ್ಬನು ಮರುದಿನವೇ ತೊಡೆಗೆ ಸೈಕಲ್ ಟ್ಯೂಬನ್ನು ಬಿಗಿದುಕೊಂಡು ಬಂದನು. ಎದೆ ಝಲ್ಲೆಂದಿತು, ಅಲ್ಲಿಯೇ ಬಿಚ್ಚಿಸಿದೆನು. ರಕ್ತವು ಪೂರ್ತಿಯಾಗಿ ನಿಲ್ಲುವ ಒತ್ತಡವೆಷ್ಟೆಂದು ಮೊದಲು ಉಪಕರಣದಿಂದ ಅಳೆದು, ಅದರ ನೂರಕ್ಕೆ 40ರಿಂದ 80 ಪಾಲನ್ನು ಮಾತ್ರ ಹಾಕುವುದು ಕ್ರಮ. ಟ್ಯೂಬಿಗೆ ಈ ಲೆಕ್ಕ ತಿಳಿಯುವುದೆ? ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಗರ್ಭಿಣಿಯರು, ರಕ್ತದೊತ್ತಡವು ಹತೋಟಿಯಲ್ಲಿಲ್ಲದವರು ವೈದ್ಯರನ್ನು ಕೇಳದೆ ಇದರ ಗೊಡವೆಗೇ ಹೋಗಬಾರದು.

ನನ್ನ ಎರಡು ತೊಡೆಗಳೂ ಇನ್ನೂ ಸರಿಸಮವಾಗಿಲ್ಲ. ಈ ವೇದಿಕೆಯ ಮೆಟ್ಟಿಲುಗಳನ್ನೇನೋ ಯಾರ ಕೈಯನ್ನೂ ಹಿಡಿಯದೆ ಹತ್ತಿದೆನು. ಇಳಿಯುವುದು ಇನ್ನೂ ಕಷ್ಟ. ಕಾರ್ಯದರ್ಶಿಗಳು ದಯವಿಟ್ಟು ಹತ್ತಿರವೇ ನಿಲ್ಲಬೇಕು.