ಕಣದ ಮಾತು, ಮೊರದ ಮಾತು

ರಾಗಿಮುದ್ದೆಯನ್ನು ಉಂಡು ಬೆಳೆದವರು ನಮ್ಮಲ್ಲಿ ಬಹುಮಂದಿ. ಆ ಮುದ್ದೆ ಹೊಲದಿಂದ ತಟ್ಟೆಗೆ ಬರುವಷ್ಟರಲ್ಲಿ ಎಷ್ಟು ಮಾತುಗಳನ್ನು ದಾಟಿ ಬರುತ್ತದೆಂದು ಎಣಿಸಿದವರು ಮಾತ್ರ ಕಡಿಮೆ. ಈ ಹೊತ್ತು ಅಂಥ ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ಈಚೆಗೆ ಮಂಚೇನಹಳ್ಳಿಯ ಕಡೆ ಒಬ್ಬರ ಮನೆಯಲ್ಲಿ ಕುಳಿತಿದ್ದೆ. ಚಿಕ್ಕಬಳ್ಳಾಪುರಕ್ಕೂ ಗೌರಿಬಿದನೂರಿಗೂ ನಡುವಣ ಸೀಮೆ ಅದು. ಮನೆಯ ಅಜ್ಜಿ ಮೊರದ ತುಂಬ ರಾಗಿ ಹಾಕಿ, ರಜೆಗೆ ಬಂದಿದ್ದ ಮೊಮ್ಮಗಳ ಕೈಗಿತ್ತು, "ಕೇರಿದ್ದಾಯ್ತು ಕಣಮ್ಮ, ಇನ್ನೊಂದಿಷ್ಟು ಒನೆದುಕೊಡು" ಎಂದರು. ಹುಡುಗಿ ಮೊರ ಹಿಡಿದು ನಿಂತಳು. "ಒನೆಯೋದು ಅಂದ್ರೇನಜ್ಜಿ?" ಎಂದಳು. ಅಜ್ಜಿ ನಕ್ಕರು, ಮೊರವನ್ನು ಹಿಂದಕ್ಕೆ ತೆಗೆದುಕೊಂಡರು, ತಾವೇ ಒನೆಯತೊಡಗಿದರು. ಹೇಳಿಕೊಡಲಿಲ್ಲ, ಹುಡುಗಿಯೂ ಮತ್ತೆ ಕೇಳಲಿಲ್ಲ. ಒಂದು ಮಾತು ಒಂದು ಮನೆಯಲ್ಲಿ ಕೊನೆಯಾಗುವುದು ಹೀಗೆ, ಸದ್ದಿಲ್ಲದೆ.

ಕೇರುವುದೆಂದರೆ ಮೊರವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ಆಗ ಹೊಟ್ಟು ಹಾರುತ್ತದೆ. ಒನೆಯುವುದೆಂದರೆ ಅಡ್ಡಡ್ಡಲಾಗಿ ಅಲುಗಿಸುವುದು. ಆಗ ಕಲ್ಲು ಕಾಳಿನಿಂದ ಬೇರೆಯಾಗುತ್ತದೆ. ಕಣದಲ್ಲಿ ಗಾಳಿಗೆ ಹಿಡಿದು ಸುರಿದರೆ ಅದು ತೂರುವುದು. ನೀರಿನಲ್ಲಿ ಆಡಿಸಿ ಮರಳನ್ನು ತಳದಲ್ಲಿ ಬಿಟ್ಟರೆ ಅದು ಜಾಲಿಸುವುದು. ಒಂದೊಂದು ಮಾತಿನಲ್ಲಿಯೂ ಕೈಯ ಒಂದೊಂದು ಓಟವಿದೆ. ಪೇಟೆಯ ಮನೆಗಳಲ್ಲಿ ಈಗ ಇಷ್ಟಕ್ಕೂ ಸೇರಿ 'ಕ್ಲೀನ್ ಮಾಡು' ಎಂಬ ಒಂದೇ ಮಾತು ಸಾಕಾಗಿದೆ.

ಹೊಲಕ್ಕೆ ಹೋದರೆ ಮಾತುಗಳು ಇನ್ನೂ ಹೆಚ್ಚು. ಉಳಲು ನೇಗಿಲು, ಬಿತ್ತಲು ಕೂರಿಗೆ, ಕಳೆ ಕೀಳಿಸಲು ಕುಂಟೆ. ಮಳೆಯ ಲೆಕ್ಕ ನಕ್ಷತ್ರದ್ದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು 13-14 ದಿನ ಇರುತ್ತಾನಾಗಿ ಅಷ್ಟೇ ದಿನ ಒಂದೊಂದು ಮಳೆಯ ಹೆಸರು. ಜೂನ್ ಕೊನೆಯ ವಾರದ್ದು ಆರಿದ್ರ ಮಳೆ, ಸೆಪ್ಟೆಂಬರ್ ತುದಿಯಲ್ಲಿ ಬರುವುದು ಹಸ್ತದ ಮಳೆ. ರಾಗಿಯ ಸಾಲುಗಳ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳ ಸಾಲು ಬಿಡುತ್ತಾರೆ, ಅದು ಅಕ್ಕಡಿ. ಈ ಮೂರಕ್ಷರದೊಳಗೆ ಒಂದು ಸಂಸಾರದ ಯೋಜನೆಯೇ ಅಡಗಿದೆ. ಒಂದು ಬೆಳೆ ಕೈಬಿಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಅವರೆ, ತೊಗರಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತದೆ, ಕಾಳು ಮನೆಗೆ ಎಣ್ಣೆ, ಚಟ್ನಿಪುಡಿ ಕೊಡುತ್ತದೆ. ಅಕ್ಕಡಿ ಬಿಡುವುದು ನಿಂತ ಹೊಲದಲ್ಲಿ ಆ ಮಾತೂ ನಿಲ್ಲುತ್ತದೆ. ಮಾತು ಮರೆತ ಮೇಲೆ ಮತ್ತೆ ಬಿಡಬೇಕೆಂಬ ನೆನಪೂ ಬರುವುದಿಲ್ಲ.

ಈ ಸೀಮೆಯಲ್ಲಿ ಕನ್ನಡದ ಜೊತೆಗೆ ತೆಲುಗೂ ಮನೆಮಾತು. ಎರಡು ಭಾಷೆಗಳು ಒಂದೇ ಕಣದಲ್ಲಿ ದುಡಿದಿವೆ. ನಮ್ಮ ನವಣೆ ಅವರಿಗೆ ಕೊರ್ರಲು, ನಮ್ಮ ಹಾರಕ ಅವರಿಗೆ ಅರಿಕೆಲು. ಸಾಮೆಯಾದರೋ ಇಬ್ಬರಿಗೂ ಹೆಚ್ಚುಕಡಿಮೆ ಸಾಮೆಯೇ. ಹುಚ್ಚೆಳ್ಳನ್ನು ಅವರು ವೆರ್ರಿನುವ್ವುಲು ಎನ್ನುತ್ತಾರೆ. ವೆರ್ರಿ ಎಂದರೆ ಹುಚ್ಚು, ನುವ್ವುಲು ಎಂದರೆ ಎಳ್ಳು. ಆ ಪುಟ್ಟ ಕಪ್ಪು ಕಾಳನ್ನು ಕಂಡು ಎರಡು ಭಾಷೆಯ ರೈತರಿಗೂ ಒಂದೇ ತಮಾಷೆ ತೋಚಿದೆ!

ಕೊಯ್ಲಾದ ರಾಗಿಯ ಹೊರೆಗಳನ್ನು ತೆನೆಸಹಿತ ಒಟ್ಟಿದರೆ ಮೆದೆ. ಕಣದಲ್ಲಿ ಹರವಿ, ಎತ್ತು ಕಟ್ಟಿ ಗುಂಡುಕಲ್ಲು ಉರುಳಿಸಿ ತೆಗೆದ ಕಾಳು ರಾಶಿ. ಅದನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದ ನೆಲದಡಿಯ ಗುಂಡಿ ಹಗೇವು. ಬರದ ವರ್ಷದಲ್ಲಿ ಊರನ್ನು ಉಳಿಸಿದ್ದು ಎಷ್ಟೋ ವೇಳೆ ಈ ಹಗೇವೇ. ಇಂದು ಹಗೇವೆಂಬ ಮಾತಿಗೆ ಮಕ್ಕಳು ಹಗೆ, ವೈರ ಎಂದು ಅರ್ಥ ಹೇಳಿಯಾರು.

ಅರುಣಾಚಲ ಪ್ರದೇಶದ ಕಾಡುಗಳಲ್ಲಿ ಪುರೋಯಿಕ್ ಎಂಬ ಜನರಿದ್ದಾರೆ. ಸಾಗೋ ಮರದ ತಿರುಳನ್ನು ಕುಟ್ಟಿ ಹಿಟ್ಟು ತೆಗೆದು ಉಣ್ಣುವುದು ಅವರ ಹಳೆಯ ಬಾಳು. ಅವರ ಭಾಷೆಯನ್ನಾಡುವವರು ಕೆಲವೇ ಸಾವಿರ. ಆ ಭಾಷೆಯ ಮರಗಿಡದ, ಅಡಿಗೆಯ ಮಾತುಗಳನ್ನು ಬರೆದಿಡಬೇಕೆಂದರೆ ಎಲ್ಲರೂ ಒಪ್ಪುತ್ತೇವೆ. ನಮಗೇನು, 2011ರ ಜನಗಣತಿಯಂತೆ ಕನ್ನಡ ತಾಯಿನುಡಿಯವರು 4 ಕೋಟಿ 37 ಲಕ್ಷ ಎಂದು ಧೈರ್ಯವಾಗಿರುತ್ತೇವೆ. ಆದರೆ ಭಾಷೆ ಉಳಿದೂ ಮಾತು ಹೋಗಬಹುದು. ದೊಡ್ಡ ಮನೆಯಲ್ಲಿ ಒಂದೊಂದೇ ಕೋಣೆಯ ದೀಪ ಆರಿದರೆ ಬೀದಿಯಲ್ಲಿದ್ದವರಿಗೆ ಅದು ತಿಳಿಯುವುದಿಲ್ಲ.

ಯಂತ್ರವನ್ನು ಹಳಿಯಲು ನಾನು ಬಂದಿಲ್ಲ. ಕೋಳಿ ಕೂಗುವ ಮುನ್ನವೇ ಬೀಸುಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರು ಹಿಟ್ಟಿನ ಗಿರಣಿ ಬಂದಾಗ ಕೈಮುಗಿದಿದ್ದರೆ ಅದು ನ್ಯಾಯವೇ. ನಿಘಂಟುಗಳೂ ನಮಗಿವೆ. ಕಿಟೆಲರ ಕೋಶ 1894ರಲ್ಲೇ ಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 8 ಸಂಪುಟಗಳಷ್ಟಿದೆ. ಒನೆ ಎಂಬ ಮಾತಿಗೆ ಅರ್ಥವನ್ನು ಕೋಶ ಹೇಳೀತು. ಮೊರ ಹಿಡಿದ ಮಣಿಕಟ್ಟಿನ ತಿರುವನ್ನು ಮಾತ್ರ ಅಜ್ಜಿಯೇ ತೋರಿಸಬೇಕು.

ಅದಕ್ಕಾಗಿ ತಮ್ಮಲ್ಲಿ ಒಂದು ಸಣ್ಣ ಬಿನ್ನಹ. ಅವರೆಕಾಯಿಯ ಕಾಲದಲ್ಲಿ, ಇಬ್ಬನಿಗೆ ಸೊಗಡೇರಿದ ಕಾಯಿ ಮನೆಗೆ ಬಂದಾಗ, ಮನೆಮಂದಿಯೆಲ್ಲ ಕುಳಿತು ಕಾಳು ಸುಲಿದು ಬೇಳೆ ಹಿದುಕುತ್ತೀರಷ್ಟೆ? ಆಗ ಹಿರಿಯರನ್ನು ಮಾತಿಗೆಳೆಯಿರಿ. ಉಳುಮೆಯಿಂದ ಮುದ್ದೆಯವರೆಗೆ ಕೆಲಸದ ಕ್ರಮದಲ್ಲೇ ಮಾತುಗಳನ್ನು ಒಂದು ನೋಟುಬುಕ್ಕಿನಲ್ಲಿ ಮಕ್ಕಳಿಂದ ಬರೆಯಿಸಿ. ತೆಲುಗಿನ ಮಾತು ಬಂದರೆ ಅದನ್ನೂ ಪಕ್ಕದಲ್ಲಿ ಬರೆಯಲಿ. ಬರೆದಾದ ಮೇಲೆ ಮೊರವನ್ನು ಅವರ ಕೈಗೆ ಕೊಡಿ. ನಾಲ್ಕು ಕಾಳು ನೆಲಕ್ಕೆ ಚೆಲ್ಲಿದರೂ ಚಿಂತೆಯಿಲ್ಲ, ಮೊರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ.