ಟ್ರೇಲರಿನ ಹಿಂಬದಿಯ ದೀಪ ಮತ್ತು ಅದರ ತಂತಿ ಜೋಡಣೆ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಬ್ಬು ಕಟಾವಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ರಾತ್ರಿ ಬೈಕಿನಲ್ಲಿ ಸಂಚರಿಸಿದವರಿಗೆ ಈ ಅನುಭವ ಹೊಸದಲ್ಲ. ಎದುರಿನ ವಾಹನದ ಬೆಳಕು ಕಣ್ಣಿಗೆ ರಾಚುತ್ತಿರುವಾಗ, ಖಾಲಿ ರಸ್ತೆ ಎಂದುಕೊಂಡ ಜಾಗದಲ್ಲಿ ಹಠಾತ್ತನೆ ಕಬ್ಬಿನ ರಾಶಿ ಎದುರಾಗುತ್ತದೆ. ಟ್ರ್ಯಾಕ್ಟರಿನ ದೀಪಗಳೆಲ್ಲ ಸರಿಯಾಗಿಯೇ ಉರಿಯುತ್ತಿರುತ್ತವೆ. ಉರಿಯದಿರುವುದು ಟ್ರೇಲರಿನ ದೀಪ. ಚಾಲಕನಿಗೆ ಅದು ತಾನು ಕುಳಿತ ಜಾಗದಿಂದ ಕಾಣುವುದೇ ಇಲ್ಲ.

ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ ರಸ್ತೆಯಲ್ಲಿ ಚಲಿಸುವ ವಾಹನದ ದೀಪಗಳು ಉರಿಯುತ್ತಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುತ್ತವೆ. ನಿಯಮ ಎಲ್ಲರಿಗೂ ಗೊತ್ತಿದೆ. ದೀಪ ಏಕೆ ಉರಿಯುವುದಿಲ್ಲ ಎಂಬುದನ್ನು ಮಾತ್ರ ನಾವು ವಿಚಾರಿಸುವುದಿಲ್ಲ.

ಸಾಮಾನ್ಯವಾಗಿ ಟ್ರ್ಯಾಕ್ಟರಿನ ಹಿಂಬದಿಯಲ್ಲಿ 7 ಪಿನ್ನುಗಳ ಸಾಕೆಟ್ ಇರುತ್ತದೆ. ಎಡ ಹಾಗೂ ಬಲ ಇಂಡಿಕೇಟರ್, ಬ್ರೇಕ್ ದೀಪ, ಎರಡು ಬದಿಯ ಕೆಂಪು ದೀಪಗಳಿಗೆ ಪ್ರತ್ಯೇಕ ತಂತಿಗಳಿದ್ದರೆ, ಇವೆಲ್ಲವುಗಳ ವಿದ್ಯುತ್ತು ಬ್ಯಾಟರಿಗೆ ಮರಳುವುದು ಒಂದೇ ಅರ್ಥಿಂಗ್ ತಂತಿಯ ಮೂಲಕ. ಚಾಲಕ ತಿರುವಿನಲ್ಲಿ ಬ್ರೇಕ್ ಒತ್ತಿದನೆನ್ನಿ: 21 ವಾಟ್‌ನ ಮೂರು ಬಲ್ಬು, 5 ವಾಟ್‌ನ ಎರಡು ಬಲ್ಬು ಒಟ್ಟಿಗೆ ಉರಿದರೆ 73 ವಾಟ್. 12 ವೋಲ್ಟ್‌ನಲ್ಲಿ ಇದು ಸುಮಾರು 6 ಆಂಪಿಯರ್. ತುಕ್ಕು ಹಿಡಿದ ಒಂದು ಪಿನ್ನು ಇಷ್ಟನ್ನು ಹೊರಲಾರದು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುವುದು, ಇಂಡಿಕೇಟರ್ ಹಾಕಿದರೆ ಕೆಂಪು ದೀಪವೂ ಅದರೊಡನೆ ಮಿನುಗುವುದು ಕಂಡುಬಂದರೆ, ಬಲ್ಬು ಬದಲಿಸುವ ಮೊದಲು ಅರ್ಥಿಂಗ್ ನೋಡಬೇಕು. ಕೆಲವರು ಈ ತಂತಿಯನ್ನೇ ಬಿಟ್ಟು ಕೊಂಡಿಯ ಕಬ್ಬಿಣವನ್ನು ನಂಬುತ್ತಾರೆ. ಗ್ರೀಸು ಮೆತ್ತಿದ ಆ ಕೊಂಡಿ ಪ್ರತಿ ಹಳ್ಳದಲ್ಲಿಯೂ ಸಂಪರ್ಕ ಕಳೆದುಕೊಳ್ಳುತ್ತದೆ.

ಪ್ಲಗ್ ಮುರಿದಾಗ ತಂತಿಗಳನ್ನು ಹೊಸೆದು ಟೇಪು ಸುತ್ತುವುದು ನಮ್ಮಲ್ಲಿ ರೂಢಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬ್ಯಾಟರಿಯ ತಂತಿ ನೇರವಾಗಿ ಚಾಸಿಗೆ ತಗುಲಿದರೆ ಕ್ಷಣಮಾತ್ರದಲ್ಲಿ ಕೆಂಪಗೆ ಕಾದು ಉರಿಯಬಲ್ಲದು. ಹಿಂದೆ ಇರುವುದು ಹುಲ್ಲು ಅಥವಾ ಒಣ ರವದಿ. ಅದನ್ನು ತಡೆಯುವುದು ಫ್ಯೂಸ್ ಒಂದೇ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ ವಾಹನವನ್ನು ರಸ್ತೆಗೆ ಬಿಡಬಾರದು.

ಜೋಡಿಸುವ ಕ್ರಮ ಸರಳ. ಎಂಜಿನ್ ಹಾಗೂ ದೀಪಗಳನ್ನು ಆರಿಸಿ, ಕೊಂಡಿಗೆ ಪಿನ್ನು ಹಾಕಿ ಭದ್ರಪಡಿಸಿದ ನಂತರವೇ ಪ್ಲಗ್ ಸೇರಿಸಬೇಕು. ಕಳಚುವಾಗ ಮೊದಲು ಪ್ಲಗ್, ಆಮೇಲೆ ಕೊಂಡಿ. ಈ ಕ್ರಮ ಮರೆತು ಟ್ರ್ಯಾಕ್ಟರ್ ಮುಂದೆ ಚಲಿಸಿದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಕೇಬಲ್ ಹಿಡಿದು ಎಳೆಯದೆ ಪ್ಲಗ್‌ನ ಮೈಯನ್ನೇ ಹಿಡಿಯಬೇಕು. ಪೂರ್ತಿ ತಿರುವಿಗೆ ಸಾಲುವಷ್ಟು ಸಡಿಲವಿರಲಿ, ಆದರೆ ನೆಲಕ್ಕೆ ಅಥವಾ ತಿರುಗುವ ಪಿ.ಟಿ.ಒ. ದಂಡಕ್ಕೆ ತಾಗುವಷ್ಟಲ್ಲ. ಟ್ರೇಲರಿಗೆ ವೆಲ್ಡಿಂಗ್ ಮಾಡಿಸುವಾಗಲೂ ಪ್ಲಗ್ ಕಳಚಿರಬೇಕು. ಇಲ್ಲವಾದರೆ ವೆಲ್ಡಿಂಗ್‌ನ ವಿದ್ಯುತ್ತು ಟ್ರ್ಯಾಕ್ಟರಿನ ತಂತಿಗಳಲ್ಲಿಯೂ ಹರಿಯಬಹುದು.

ಎರಡು ಟ್ರೇಲರ್ ಎಳೆಯುವಲ್ಲಿ ಸಮಸ್ಯೆ ಇಮ್ಮಡಿ. ಮೊದಲನೆಯದರ ಹಿಂದೆ ಸಾಕೆಟ್ ಇಲ್ಲದಿದ್ದರೆ, ರಸ್ತೆಯಲ್ಲಿ ಎಲ್ಲಕ್ಕಿಂತ ಹಿಂದಿರುವ ಎರಡನೆಯದೇ ಕತ್ತಲಲ್ಲಿ ಉಳಿಯುತ್ತದೆ. ದೀಪ ಉರಿದರೂ ಜೋತುಬಿದ್ದ ಕಬ್ಬಿನ ತುದಿಗಳು ಅದನ್ನು ಮುಚ್ಚುವುದುಂಟು. ಆದ್ದರಿಂದ ಪ್ರತಿಫಲಕ ಪಟ್ಟಿಯೂ ಬೇಕು. ಅದು ದೀಪಕ್ಕೆ ಬದಲಿಯಲ್ಲ.

ನಮ್ಮ ಪಂಚಾಯಿತಿಗಳ ನೀರಿನ ಟ್ಯಾಂಕರುಗಳೂ ಇದಕ್ಕೆ ಹೊರತಲ್ಲ. ತುಳುಕುವ ನೀರು ಪ್ಲಗ್‌ಗೆ ಇಳಿದು ಪಿನ್ನುಗಳು ಹಸಿರುಗಟ್ಟುತ್ತವೆ. ತಾವು ಊರಿಗೆ ಮರಳಿದ ಮೇಲೆ, ಒಂದು ಸಂಜೆ ಟ್ಯಾಂಕರ್ ಹೊರಡುವ ಮುನ್ನ ಅದರ ಹಿಂದೆ ನಿಂತು ಚಾಲಕನಿಗೆ ಹೇಳಿರಿ: ದೀಪ ಹಾಕು, ಬ್ರೇಕ್ ಒತ್ತು, ಎಡಕ್ಕೆ, ಬಲಕ್ಕೆ. ಎರಡು ನಿಮಿಷ ಸಾಕು. ಯಾವುದಾದರೂ ಉರಿಯದಿದ್ದರೆ ದುರಸ್ತಿಯನ್ನು ಮುಂದಿನ ಸಾಮಾನ್ಯ ಸಭೆಯವರೆಗೆ ಕಾಯಿಸದೆ ಅಭಿವೃದ್ಧಿ ಅಧಿಕಾರಿಗಳ ಗಮನಕ್ಕೆ ಅಂದೇ ತರಬೇಕೆಂದು ವಿನಂತಿಸುತ್ತೇನೆ.